ಹೊಗೆ ಅಲಾರಂ ಮತ್ತು ಅದರ ಪುಟ್ಟ ಶೆಲ್ಲು

ಹೊಗೆಯಿಂದ ಪೀಡಿತನಾದ ರೋಗಿಯನ್ನು ಆಯುರ್ವೇದವು ‘ಧೂಮೋಪಹತ’ ಎಂದು ಕರೆಯುತ್ತದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹನ್ನೆರಡನೆಯ ಅಧ್ಯಾಯದಲ್ಲಿ, ಸುಟ್ಟಗಾಯಗಳ ವಿಚಾರದ ಜೊತೆಯಲ್ಲಿಯೇ, ಇವನ ಲಕ್ಷಣಗಳನ್ನು ಹೇಳಲಾಗಿದೆ. ಅವನಿಗೆ ಏದುಸಿರು, ಸೀನು, ಕೆಮ್ಮು ಉಂಟಾಗುತ್ತವೆ. ಕಣ್ಣುಗಳು ಉರಿದು ಕೆಂಪಾಗುತ್ತವೆ. ಹೊಗೆಯ ಹೊರತು ಬೇರೆ ಯಾವ ವಾಸನೆಯೂ ಅವನಿಗೆ ತಿಳಿಯುವುದಿಲ್ಲ. ನಾಲಿಗೆಗೆ ರುಚಿ ತಪ್ಪುತ್ತದೆ, ಕಿವಿ ಮಂದವಾಗುತ್ತದೆ. ಬಾಯಾರಿಕೆ, ಉರಿ, ಜ್ವರಗಳಿಂದ ಬಳಲಿ ಕೊನೆಗೆ ಮೂರ್ಛೆ ಹೋಗುತ್ತಾನೆ.

ಈ ವಿವರಣೆಯಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದುದು ಇಂದ್ರಿಯಗಳ ಸ್ಥಿತಿಯನ್ನು. ಅಪಾಯವನ್ನು ನಮಗೆ ತಿಳಿಸಬೇಕಾದ ಕಣ್ಣು, ಮೂಗು, ಕಿವಿಗಳನ್ನೇ ಹೊಗೆಯು ಮಂಕುಗೊಳಿಸುತ್ತದೆ. ಎಚ್ಚರವಾಗಿರುವವನ ಪಾಡೇ ಹೀಗಾದರೆ ನಿದ್ರಿಸುವವನ ಸ್ಥಿತಿ ಇನ್ನೂ ಕಷ್ಟ. ಗಾಢನಿದ್ರೆಯಲ್ಲಿರುವವನನ್ನು ಶಬ್ದ ಎಬ್ಬಿಸುವಂತೆ ವಾಸನೆ ಎಬ್ಬಿಸುವುದಿಲ್ಲ. ‘ಹೊಗೆ ಬಂದರೆ ಎಚ್ಚರವಾಗದೇ ಇರುತ್ತದೆಯೇ?’ ಎಂದು ಬಹುಮಂದಿ ನಮ್ಮನ್ನು ಕೇಳುವುದುಂಟು. ಆಗದೇ ಇರಬಹುದು ಎಂಬುದೇ ಅದಕ್ಕೆ ಉತ್ತರ. ಆದುದರಿಂದ ನಾವು ಮಲಗಿರುವಾಗ ನಮ್ಮ ಪರವಾಗಿ ಎಚ್ಚರವಾಗಿರುವ ಒಂದು ಸಾಧನ ಮನೆಯಲ್ಲಿ ಇರಬೇಕು, ಆ ಸಾಧನದಲ್ಲಿ ಜೀವವೂ ಇರಬೇಕು. ಆ ಜೀವವೆಂದರೆ ಒಂದು ಪುಟ್ಟ ಬ್ಯಾಟರಿ. ನಮ್ಮ ಕಡೆಯ ಮಾತಿನಲ್ಲಿ ಶೆಲ್ಲು.

ಮನೆಗಳು ಬದಲಾಗಿವೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿಂದಿನವರು ಕಟ್ಟಿದ ತೊಟ್ಟಿಮನೆ, ಹೆಂಚಿನ ಮನೆಗಳು ಹೊಗೆಯನ್ನು ತಾವಾಗಿಯೇ ಹೊರಹಾಕುತ್ತಿದ್ದವು. ಅಡುಗೆಮನೆಗೆ ಗವಾಕ್ಷಿ ಇತ್ತು, ಹೆಂಚುಗಳ ನಡುವೆ ಸಂದು ಇತ್ತು, ನಡುಮನೆಯ ತೊಟ್ಟಿ ಆಕಾಶಕ್ಕೆ ತೆರೆದಿತ್ತು. ಒಲೆಯ ಮುಂದೆ ಕುಳಿತ ತಾಯಂದಿರ ಕಣ್ಣು, ಶ್ವಾಸಕೋಶಗಳು ನೊಂದವು ನಿಜ. ಆದರೂ ಹೊಗೆ ಮನೆಯೊಳಗೆ ಗಂಟೆಗಟ್ಟಲೆ ನಿಲ್ಲುತ್ತಿರಲಿಲ್ಲ.

ಈಗ ಆರ್‌ಸಿಸಿ ಮನೆಗಳು ಬಂದಿವೆ. ನಾಲೆಯ ಬಯಲಿನ ಊರುಗಳಲ್ಲಿ ಸೊಳ್ಳೆಗೆ ಅಂಜಿ ಸಂಜೆಯಾಗುತ್ತಲೇ ಕಿಟಕಿ ಮುಚ್ಚುತ್ತಾರೆ. ಹಾಸಿಗೆಯ ಪಕ್ಕದಲ್ಲಿ ಸೊಳ್ಳೆಬತ್ತಿ ಹೊಗೆಯಾಡುತ್ತದೆ. ದಿಂಬಿನ ಬಳಿ ಮೊಬೈಲು ರಾತ್ರಿಯಿಡೀ ಚಾರ್ಜಾಗುತ್ತದೆ. ಹಜಾರದಲ್ಲಿ ವಿದ್ಯುತ್ ಸ್ಕೂಟರನ್ನೂ ಮೆಟ್ಟಿಲ ಕೆಳಗೆ ಯುಪಿಎಸ್ಸನ್ನೂ ಇಟ್ಟಿರುತ್ತಾರೆ. ಹಿತ್ತಿಲಿನ ಬಚ್ಚಲ ಒಲೆಯ ಪಕ್ಕದಲ್ಲಿಯೇ ತೆಂಗಿನ ಮಟ್ಟೆ, ಸೌದೆಗಳ ರಾಶಿ ಇರುತ್ತದೆ. ಇವುಗಳಲ್ಲಿ ಹಲವು ಥಟ್ಟನೆ ಹತ್ತಿ ಉರಿಯುವುದಿಲ್ಲ. ಹತ್ತಿಯ ಹಾಸಿಗೆಗೆ ಕಿಡಿ ತಾಗಿದರೆ ಅದು ಒಳಗೊಳಗೇ ಬಹಳ ಹೊತ್ತು ಹೊಗೆಯಾಡಿ ಆಮೇಲೆ ಜ್ವಾಲೆಯಾಗುತ್ತದೆ. ಅಷ್ಟರೊಳಗೆ ಮುಚ್ಚಿದ ಕೋಣೆಯ ಗಾಳಿ ವಿಷವಾಗಿರುತ್ತದೆ.

ಬೆಂಕಿಗಿಂತ ಮೊದಲು ಹೊಗೆ ಕೊಲ್ಲುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ದಟ್ಟಹೊಗೆ ಮಹಡಿಗಳನ್ನು ತುಂಬಿ 9 ಮಂದಿ ಪ್ರಾಣ ಕಳೆದುಕೊಂಡರು. ಉಸಿರುಗಟ್ಟಿದವರೂ ಉಸಿರಿಗಾಗಿ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು.

ಪರದೇಶದಲ್ಲಿ ಬಾಣಂತನ, ಸೂರಿನಲ್ಲಿ ಗಂಟೆ

ಹೊಗೆ ಅಲಾರಂ ಎಂಬುದು ಅಂಗೈಯಗಲದ ದುಂಡನೆಯ ಸಾಧನ. ಸೂರಿಗೆ ಅಂಟಿಕೊಂಡಿರುತ್ತದೆ. ಬ್ಯಾಟರಿಯಿಂದ ನಡೆಯುವ ಗೃಹೋಪಯೋಗಿ ಅಲಾರಮನ್ನು 1960ರ ದಶಕದಲ್ಲಿ ಅಮೆರಿಕದ ಡ್ವೇನ್ ಪಿಯರ್ಸಾಲ್ ಮತ್ತು ಅವರ ಸಂಗಡಿಗರು ರೂಪಿಸಿದರು. ಇಂದು ಅಲ್ಲಿನ ಬಹುಪಾಲು ಮನೆಗಳಲ್ಲಿ ಅದು ಇದೆ. ಸ್ಕಾಟ್‌ಲೆಂಡಿನಲ್ಲಿ 2022ರಿಂದ ಪ್ರತಿ ಮನೆಯಲ್ಲಿಯೂ ಒಂದು ಕೂಗಿದರೆ ಎಲ್ಲವೂ ಕೂಗುವಂಥ ಅಲಾರಂಗಳು ಇರಬೇಕೆಂಬ ನಿಯಮ ಜಾರಿಯಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಇದನ್ನು ಕಂಡವರು ಕಡಮೆ. ಆದರೆ ನಮ್ಮ ನಾಲ್ಕು ತಾಲ್ಲೂಕುಗಳಿಂದ ಮಗಳ ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಿಕೊಳ್ಳಲೆಂದೋ ಪರದೇಶಗಳಿಗೆ ಹೋಗಿಬರುವ ಹಿರಿಯರು ಈಗ ವಿರಳರಲ್ಲ. ಇದರ ಪರಿಚಯ ಅವರಿಗೆ ಚೆನ್ನಾಗಿಯೇ ಆಗಿರುತ್ತದೆ.

ಆ ಪರಿಚಯ ಸಾಮಾನ್ಯವಾಗಿ ಒಗ್ಗರಣೆಯಿಂದ ಆರಂಭವಾಗುತ್ತದೆ. ಬಸ್ಸಾರಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿಗಳ ಒಗ್ಗರಣೆ ಚಟಪಟ ಎಂದೊಡನೆ ಸೂರಿನ ಮೇಲಿನ ಯಂತ್ರ ಕಿವಿಗಡಚಿಕ್ಕುವಂತೆ ಕೂಗತೊಡಗುತ್ತದೆ. ಮಲಗಿದ್ದ ಹಸುಗೂಸು ಬೆಚ್ಚಿ ಅಳುತ್ತದೆ. ಅಳಿಯ ಟವೆಲಿನಿಂದ ಗಾಳಿ ಬೀಸುತ್ತಾನೆ. ನಾಲ್ಕು ದಿನ ಹೀಗಾದ ಮೇಲೆ ಯಾರೋ ಒಬ್ಬರು ಕುರ್ಚಿ ಹತ್ತಿ ಶೆಲ್ಲನ್ನು ಕಿತ್ತು ಮೇಜಿನ ಸೆಳೆಖಾನೆಗೆ ಹಾಕುತ್ತಾರೆ. ‘ಅಲ್ಲಿದ್ದಷ್ಟು ತಿಂಗಳೂ ಅದು ಸೆಳೆಖಾನೆಯಲ್ಲಿಯೇ ಇತ್ತು ಡಾಕ್ಟ್ರೇ’ ಎಂದು ನಗುತ್ತ ಹೇಳಿದ ಹಿರಿಯರನ್ನು ನಾವು ಒಬ್ಬಿಬ್ಬರಿಗಿಂತ ಹೆಚ್ಚಾಗಿ ಕಂಡಿದ್ದೇವೆ.

ಇದು ನಕ್ಕು ಬಿಡುವ ಸಂಗತಿಯಲ್ಲ. ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಸ್ಥೆಯ ಲೆಕ್ಕದಂತೆ, ಅಲ್ಲಿ ಮನೆಯ ಬೆಂಕಿಯಿಂದ ಆಗುವ ಮರಣಗಳಲ್ಲಿ ಸುಮಾರು ಐದರಲ್ಲಿ ಮೂರು, ಅಲಾರಂ ಇಲ್ಲದ ಅಥವಾ ಇದ್ದೂ ಕೆಲಸ ಮಾಡದ ಮನೆಗಳಲ್ಲಿ ಸಂಭವಿಸುತ್ತವೆ. ಇದ್ದೂ ಕೂಗದಿರಲು ಮುಖ್ಯ ಕಾರಣ, ಶೆಲ್ಲನ್ನು ಕಿತ್ತಿರುವುದು ಅಥವಾ ಅದು ಸತ್ತಿರುವುದು. ಯಂತ್ರ ಕೆಟ್ಟು ಸುಮ್ಮನಾದುದಕ್ಕಿಂತ ನಾವೇ ಅದರ ಬಾಯಿ ಮುಚ್ಚಿಸಿದುದು ಹೆಚ್ಚು.

ಒಗ್ಗರಣೆಯ ತೊಂದರೆಗೆ ಬೇರೆ ಪರಿಹಾರಗಳಿವೆ. ಅನೇಕ ಅಲಾರಂಗಳಲ್ಲಿ ಕೆಲವು ನಿಮಿಷಗಳ ಮಟ್ಟಿಗೆ ಸುಮ್ಮನಿರಿಸುವ ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಸಾಕು. ಒಲೆಯಿಂದ ಕನಿಷ್ಠ 10 ಅಡಿ ದೂರಕ್ಕೆ ಅಲಾರಮನ್ನು ಸರಿಸಬಹುದು. ಒಗ್ಗರಣೆಗೆ ಮೊದಲು ಕಿಟಕಿ ತೆರೆದು ಹೊಗೆ ಎಳೆಯುವ ಫ್ಯಾನನ್ನು ಹಾಕಬಹುದು.

ಯಾವ ಅಲಾರಂ, ಯಾವ ಶೆಲ್ಲು?

ಈಗ ನಮ್ಮ ಊರುಗಳಲ್ಲಿಯೂ ಕೆಲವರು ಅಲಾರಮನ್ನು ತರಿಸಿ ಹಾಕುತ್ತಿದ್ದಾರೆ. ಮುಖ್ಯವಾಗಿ ಎರಡು ಬಗೆಗಳಿವೆ. ಅಯಾನೀಕರಣ ಬಗೆಯದು ಧಗ್ಗನೆ ಉರಿಯುವ ಬೆಂಕಿಯನ್ನು ಬೇಗ ಗುರುತಿಸುತ್ತದೆ. ಬೆಳಕಿನ ಕಿರಣದಿಂದ ಹೊಗೆಯನ್ನು ಕಾಣುವ ‘ಫೋಟೋಎಲೆಕ್ಟ್ರಿಕ್’ ಬಗೆಯದು ಒಳಗೊಳಗೇ ಹೊಗೆಯಾಡುವ ಬೆಂಕಿಯನ್ನು ಬೇಗ ಗುರುತಿಸುತ್ತದೆ. ಅಡುಗೆಯ ಹೊಗೆಗೆ ಸುಮ್ಮಸುಮ್ಮನೆ ಕೂಗುವುದೂ ಇದರಲ್ಲಿ ಕಡಮೆ. ಹಾಸಿಗೆ, ಬಟ್ಟೆ, ಸೊಳ್ಳೆಬತ್ತಿಗಳ ನಮ್ಮ ಮಲಗುವ ಕೋಣೆಗಳಿಗೆ ಎರಡನೆಯದೇ ತಕ್ಕದ್ದೆಂದು ನಮ್ಮ ಅಭಿಪ್ರಾಯ. ವಿದ್ಯುತ್ ತಂತಿಗೆ ಜೋಡಿಸುವ ಅಲಾರಂಗಳೂ ಇವೆ. ಕರೆಂಟು ಹೋದಾಗ ಕೆಲಸ ಮಾಡಲೆಂದು ಅವುಗಳಲ್ಲಿಯೂ ಒಂದು ಬ್ಯಾಟರಿ ಇರುತ್ತದೆಂಬುದನ್ನು ಮರೆಯಬಾರದು.

ಶೆಲ್ಲಿನ ಆಯ್ಕೆಗೆ ಮೊದಲ ನಿಯಮ, ಅಲಾರಮಿನ ಬೆನ್ನಿನ ಮೇಲೆ ಬರೆದುದನ್ನು ಓದುವುದು. ಯಾವ ಗಾತ್ರದ, ಯಾವ ಬಗೆಯ ಶೆಲ್ಲು ಬೇಕೆಂದು ಅಲ್ಲಿ ಬರೆದಿರುತ್ತದೆ. ಕೆಲವಕ್ಕೆ ಗೋಡೆಗಡಿಯಾರಕ್ಕೆ ಹಾಕುವ ಪೆನ್ಸಿಲ್ ಶೆಲ್ಲುಗಳು ಬೇಕು. ಬಹಳಷ್ಟಕ್ಕೆ 9 ವೋಲ್ಟಿನ ಚೌಕಾಕಾರದ ಶೆಲ್ಲು ಬೇಕು; ಸಭೆಗಳಲ್ಲಿ ಬಳಸುವ ಕೆಲವು ಕಾರ್ಡ್‌ಲೆಸ್ ಮೈಕುಗಳಿಗೂ ವೈರಿಂಗ್ ಕೆಲಸದವರ ಮಲ್ಟಿಮೀಟರಿಗೂ ಹಾಕುವಂಥದು.

ಒಂದೇ ಗಾತ್ರದಲ್ಲಿ ಹಲವು ಗುಣದ ಶೆಲ್ಲುಗಳು ದೊರೆಯುತ್ತವೆ. ಅಗ್ಗದ ಸತು-ಇಂಗಾಲದ ಶೆಲ್ಲಿನ ಮೇಲೆ ‘ಹೆವಿ ಡ್ಯೂಟಿ’ ಎಂದು ಅಚ್ಚಾಗಿರುವುದುಂಟು. ಹೆಸರು ಕೇಳಿ ಅದೇ ಗಟ್ಟಿಯೆಂದು ಭಾವಿಸಬಾರದು. ಕಸುವಿನಲ್ಲಿ ಅದು ಆಲ್ಕಲೈನ್ ಶೆಲ್ಲಿಗಿಂತ ಕೆಳಗಿನದು. ಸಾಮಾನ್ಯ ಅಲಾರಮಿಗೆ ಆಲ್ಕಲೈನ್ ಶೆಲ್ಲು ಸರಿ. ಅದನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ತಯಾರಕರು ಒಪ್ಪಿದ್ದರೆ ಲಿಥಿಯಂ ಶೆಲ್ಲು ಹಾಕಬಹುದು, ಅದು ಹೆಚ್ಚು ಕಾಲ ಬಾಳುತ್ತದೆ. ಚಾರ್ಜು ಮಾಡಿ ಮತ್ತೆ ಬಳಸುವ ಶೆಲ್ಲನ್ನು, ತಯಾರಕರು ಹೇಳಿದ ಹೊರತು, ಹಾಕಬಾರದು. ಅದು ಬಳಸದಿದ್ದರೂ ತಾನಾಗಿ ಇಳಿಯುತ್ತದೆ; ಕೆಲವು ಯಾವ ಮುನ್ಸೂಚನೆಯನ್ನೂ ಕೊಡದೆ ಒಮ್ಮೆಲೇ ನಿಂತುಬಿಡುತ್ತವೆ.

ಮೂರನೆಯ ದಾರಿಯೊಂದಿದೆ. 10 ವರ್ಷ ಬಾಳುವ ಲಿಥಿಯಂ ಬ್ಯಾಟರಿಯನ್ನು ಒಳಗೇ ಮುಚ್ಚಿಟ್ಟಿರುವ ಅಲಾರಂ. ಅದರ ಶೆಲ್ಲನ್ನು ಬದಲಿಸುವಂತಿಲ್ಲ, ಕೀಳುವಂತೆಯೂ ಇಲ್ಲ. ಆಯುಸ್ಸು ಮುಗಿದಾಗ ಇಡೀ ಅಲಾರಮನ್ನೇ ಬದಲಿಸಬೇಕು. ಮಕ್ಕಳೆಲ್ಲ ಬೆಂಗಳೂರಿಗೋ ಪರದೇಶಕ್ಕೋ ಹೋಗಿ ವೃದ್ಧ ದಂಪತಿಗಳಷ್ಟೇ ಉಳಿದ ಮನೆಗಳು ನಮ್ಮ ಊರುಗಳಲ್ಲಿ ಎಷ್ಟೋ ಇವೆ. ಅಂಥ ಮನೆಗೆ ಇದು ಮೇಲು. ಎಪ್ಪತ್ತು ದಾಟಿದವರು ಶೆಲ್ಲಿಗಾಗಿ ಸ್ಟೂಲು ಹತ್ತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಅದು ಬೆಂಕಿಗಿಂತ ಸಣ್ಣ ವಿಪತ್ತೇನೂ ಅಲ್ಲ. ಶೆಲ್ಲು ಬದಲಿಸುವ ಕೆಲಸವನ್ನು ಮನೆಯ ಅಥವಾ ನೆರೆಯ ಕಿರಿಯರೇ ಮಾಡಲಿ.

ಕೊಳ್ಳುವಾಗ ಶೆಲ್ಲಿನ ಮೇಲೆ ಅಚ್ಚಾಗಿರುವ ದಿನಾಂಕವನ್ನು ನೋಡಬೇಕು. ಅಂಗಡಿಯಲ್ಲಿ ಬಿಸಿಲಿಗೆ ಬಿದ್ದು ಹಳೆಯದಾದ ಶೆಲ್ಲು ಹೊಸದಾಗಿ ಕಂಡರೂ ಬೇಗ ಸೋಲುತ್ತದೆ.

ಬದಲಿಸುವ ಕ್ರಮ

ಶೆಲ್ಲು ಸೋಲುತ್ತಿರುವಾಗ ಅಲಾರಂ ಸುಮಾರು ನಿಮಿಷಕ್ಕೊಮ್ಮೆ ‘ಚಿಕ್’ ಎಂದು ಒಂದೇ ಸಲ ಸದ್ದು ಮಾಡುತ್ತದೆ. ಇದು ಬಹುಮಟ್ಟಿಗೆ ಬೆಳಗಿನ ಜಾವದಲ್ಲಿ ಆರಂಭವಾಗುತ್ತದೆ. ತಂಪಿನಲ್ಲಿ ಶೆಲ್ಲಿನ ವೋಲ್ಟೇಜು ಇನ್ನಷ್ಟು ಇಳಿಯುವುದೇ ಇದಕ್ಕೆ ಕಾರಣ. ನಿದ್ದೆ ಕೆಟ್ಟ ಸಿಟ್ಟಿನಲ್ಲಿ ಶೆಲ್ಲನ್ನು ಕಿತ್ತು ಮಲಗುವವರೇ ಹೆಚ್ಚು. ಕಿತ್ತ ಶೆಲ್ಲಿನ ಜಾಗಕ್ಕೆ ಅಂದೇ ಹೊಸದು ಬರಲೆಂದು ಮನೆಯಲ್ಲಿ ಯಾವಾಗಲೂ ಒಂದು ಶೆಲ್ಲನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು ಒಳಿತು.

ಅಲಾರಮನ್ನು ಎಡಕ್ಕೆ ತಿರುಗಿಸಿದರೆ ಸಾಮಾನ್ಯವಾಗಿ ತಳಪಟ್ಟಿಯಿಂದ ಕಳಚಿ ಬರುತ್ತದೆ. ತಂತಿಗೆ ಜೋಡಿಸಿದ ಬಗೆಯದಾದರೆ ಮೊದಲು ಮೇನ್ ಸ್ವಿಚ್ಚನ್ನು ಆರಿಸಬೇಕು. ಹಳೆಯ ಶೆಲ್ಲನ್ನು ತೆಗೆದ ಮೇಲೆ ಪರೀಕ್ಷಾಗುಂಡಿಯನ್ನು ಸುಮಾರು 15 ಸೆಕೆಂಡು ಒತ್ತಿಹಿಡಿದರೆ ಒಳಗೆ ಉಳಿದ ವಿದ್ಯುತ್ತು ಖಾಲಿಯಾಗುತ್ತದೆ. ಒಣಬಟ್ಟೆ ಅಥವಾ ಮೆತ್ತನೆಯ ಬ್ರಷ್ಷಿನಿಂದ ಧೂಳನ್ನೂ ಜೇಡರಬಲೆಯನ್ನೂ ತೆಗೆಯಬೇಕು. ಕೂಡು, ಕಳೆ ಗುರುತುಗಳನ್ನು ನೋಡಿ ಹೊಸ ಶೆಲ್ಲನ್ನು ಕೂರಿಸಬೇಕು. ಎರಡು ಮೂರು ಪೆನ್ಸಿಲ್ ಶೆಲ್ಲು ಹಾಕುವಂಥದಾದರೆ ಎಲ್ಲವೂ ಹೊಸವಾಗಿರಬೇಕು. ಹಳೆಯದಕ್ಕೆ ಹೊಸದನ್ನು ಬೆರೆಸಬಾರದು. ಹಾಕಿದ ದಿನಾಂಕವನ್ನು ಶೆಲ್ಲಿನ ಮೇಲೆ ಪೆನ್ನಿನಿಂದ ಬರೆದಿಡಬೇಕು. ಕೊನೆಗೆ ಪರೀಕ್ಷಾಗುಂಡಿ ಒತ್ತಿ ಅಲಾರಂ ಗಟ್ಟಿಯಾಗಿ ಕೂಗುವುದನ್ನು ಕೇಳಿದರೆ ಮಾತ್ರ ಕೆಲಸ ಮುಗಿದಂತೆ.

ಹೊಸ ಶೆಲ್ಲು ಹಾಕಿದ ಮೇಲೂ ಚಿಕ್ ಸದ್ದು ನಿಲ್ಲದಿದ್ದರೆ ಅಲಾರಮಿನ ಬೆನ್ನಿನಲ್ಲಿ ತಯಾರಾದ ವರ್ಷವನ್ನು ನೋಡಬೇಕು. 10 ವರ್ಷವಾಗಿದ್ದರೆ ಶೆಲ್ಲು ಎಷ್ಟೇ ಹೊಸದಾದರೂ ಅಲಾರಮನ್ನೇ ಬದಲಿಸಬೇಕು, ಏಕೆಂದರೆ ಹೊಗೆಯನ್ನು ಗುರುತಿಸುವ ಅದರ ಅಂಗವೂ ಮುಪ್ಪಾಗುತ್ತದೆ. ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸುವಾಗ ಅದರ ಮೇಲೆ ಬಣ್ಣ ಬಳಿಯಬಾರದು. ಧೂಳಿಗೆಂದು ಸುತ್ತಿದ ಪ್ಲಾಸ್ಟಿಕ್ಕನ್ನು ಆ ಸಂಜೆಯೇ ಬಿಚ್ಚಬೇಕು.

ತೆಗೆದ 9 ವೋಲ್ಟ್ ಶೆಲ್ಲಿನಲ್ಲಿ ಕಸುವು ಪೂರ್ತಿ ಹೋಗಿರುವುದಿಲ್ಲ. ಅದರ ಎರಡು ತುದಿಗಳೂ ಒಂದೇ ಬದಿಯಲ್ಲಿರುವುದರಿಂದ ನಾಣ್ಯ, ಬೀಗದ ಕೈ, ಪಾತ್ರೆ ಉಜ್ಜುವ ಉಕ್ಕಿನ ನಾರು ತಗುಲಿದರೆ ಕಾದು ಬೆಂಕಿ ಹೊತ್ತಿಕೊಳ್ಳಬಹುದು. ತುದಿಗಳಿಗೆ ಟೇಪು ಅಂಟಿಸಿಯೇ ಇಡಬೇಕು. ಹಳೆಯ ಶೆಲ್ಲುಗಳನ್ನು ಒಲೆಗೆ, ತಿಪ್ಪೆಗೆ, ನಾಲೆಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಬಳಸಿದ ಬ್ಯಾಟರಿಗಳನ್ನು ತಯಾರಕರು ಮರಳಿ ಪಡೆಯಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಹೇಳುತ್ತವೆ.

ಎಲ್ಲಿ ಹಾಕಬೇಕು?

ಹೊಗೆ ಮೇಲೇರುವುದರಿಂದ ಅಲಾರಂ ಸೂರಿನಲ್ಲಿರಬೇಕು. ಪ್ರತಿ ಮಲಗುವ ಕೋಣೆಯೊಳಗೆ, ಅವುಗಳ ಹೊರಗಿನ ಹಜಾರದಲ್ಲಿ, ಪ್ರತಿ ಅಂತಸ್ತಿನಲ್ಲಿ ಒಂದೊಂದು ಇರುವುದು ಉತ್ತಮ. ಒಂದೇ ಕೊಳ್ಳಲು ಶಕ್ತಿಯಿದ್ದರೆ ಮಲಗುವ ಕೋಣೆಗಳ ಬಾಗಿಲ ಬಳಿ ಹಾಕಬಹುದು. ಸೀಲಿಂಗ್ ಫ್ಯಾನಿನ ರೆಕ್ಕೆಗಳಿಂದಲೂ ಬಚ್ಚಲಿನ ಬಾಗಿಲಿನಿಂದಲೂ 3 ಅಡಿ ದೂರವಿರಲಿ. ಇಷ್ಟಲಿಂಗ ಪೂಜೆಯ ವೇಳೆ ಧೂಪ, ಕರ್ಪೂರ ಹಚ್ಚುವ ಪೂಜಾಕೋಣೆಯ ಎದುರಿಗೆ ಬೇಡ. ಅಲ್ಲಿ ಹಾಕಿದರೆ ಅದು ನಿತ್ಯವೂ ಕೂಗಿ, ವಾರದೊಳಗೆ ಶೆಲ್ಲು ಸೆಳೆಖಾನೆ ಸೇರುತ್ತದೆ.

ಹಿರಿಯರ ಕಿವಿಯ ಬಗೆಗೆ ಒಂದು ಮಾತು. ವಯಸ್ಸಾದಂತೆ ಮೊದಲು ಕೇಳಿಸದಾಗುವುದು ಕೀರಲು ಧ್ವನಿ. ಸಾಮಾನ್ಯ ಅಲಾರಮಿನ ಕೂಗು ಸುಮಾರು 3,000 ಹರ್ಟ್ಸ್‌ನ ಕೀರಲು ಧ್ವನಿಯೇ ಆಗಿದೆ. ಕಿವಿ ಮಂದವಾದವರಿಗಾಗಿ 520 ಹರ್ಟ್ಸ್‌ನ ತಗ್ಗುಧ್ವನಿಯ ಅಲಾರಂಗಳಿವೆ. ತಿಂಗಳ ಪರೀಕ್ಷೆಯ ವೇಳೆ ಹಿರಿಯರನ್ನು ಅವರ ಮಂಚದ ಮೇಲೆಯೇ ಮಲಗಿಸಿ, ಬಾಗಿಲು ಹಾಕಿ, ಕೇಳಿಸಿತೇ ಎಂದು ವಿಚಾರಿಸಬೇಕು. ಪುಟ್ಟ ಮಕ್ಕಳು ಅಲಾರಮಿಗೂ ಏಳದೆ ನಿದ್ರಿಸುವುದುಂಟು. ಅವರನ್ನು ಎಬ್ಬಿಸಿ ಕರೆದೊಯ್ಯುವವರು ಯಾರೆಂದು ಮೊದಲೇ ನಿಶ್ಚಯಿಸಿರಬೇಕು.

ಅದು ತಿಳಿಸಲಾರದ ಅಪಾಯ

ಹೊಗೆ ಅಲಾರಂ ಎಲ್ಲವನ್ನೂ ಅರಿಯುವುದಿಲ್ಲ. ಸೋರುವ ಅಡುಗೆ ಅನಿಲ ಅದಕ್ಕೆ ತಿಳಿಯದು. ಗ್ಯಾಸಿನ ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ, ರೆಗ್ಯುಲೇಟರ್ ಆರಿಸಿ, ಬಾಗಿಲು ಕಿಟಕಿ ತೆರೆದು, ಹೊರಬಂದು 1906ಕ್ಕೆ ಕರೆ ಮಾಡಬೇಕು.

ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವೂ ಅದಕ್ಕೆ ತಿಳಿಯದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವ ಪದ್ಧತಿ ನಮ್ಮಲ್ಲಿ ಇಂದಿಗೂ ಇದೆ. ಹೊಗೆಯಿಲ್ಲದ ಕೆಂಡ ನಿರಪಾಯವೆಂದು ಬಗೆದು, ಶೀತ ತಾಗದಿರಲೆಂದು ಬಾಗಿಲು ಮುಚ್ಚುತ್ತಾರೆ. ಆ ಕೆಂಡವೇ ಈ ಅನಿಲವನ್ನು ಹೊರಸೂಸುತ್ತದೆ. ರೇಷ್ಮೆ ಸಾಕುವ ನಮ್ಮ ರೈತರು ಹುಳುಮನೆಯ ಗಾಳಿ ಕೆಡದಂತೆ ಎಷ್ಟು ಎಚ್ಚರ ವಹಿಸುತ್ತಾರೆಂಬುದನ್ನು ನಾವು ಬಲ್ಲೆವು. ತಾಯಿ ಮಗುವಿನ ಕೋಣೆಗೆ ಅದಕ್ಕಿಂತ ಹೆಚ್ಚಿನ ಎಚ್ಚರ ಬೇಡವೇ? ಕೂಸಿಗೆ ಸಾಂಬ್ರಾಣಿಯ ಹೊಗೆ ಹಾಕಬಾರದು. ಕೆಂಡವನ್ನು ಇರುಳು ಕೋಣೆಯಲ್ಲಿ ಬಿಡಬಾರದು. ಇಬ್ಬರಿಗೂ ಬೆಚ್ಚನೆಯ ಬಟ್ಟೆ, ಹೊದಿಕೆಗಳು ಸಾಕು. ಮಾನಾಕ್ಸೈಡಿಗೆ ಬೇರೆಯದೇ ಅಲಾರಂ ದೊರೆಯುತ್ತದೆ. ಅಮೆರಿಕದ ಮನೆಗಳಲ್ಲಿ ಮೂರು ಮೂರು ಸಲ ಕೂಗಿದರೆ ಹೊಗೆಯೆಂದೂ ನಾಲ್ಕು ನಾಲ್ಕು ಸಲ ಕೂಗಿದರೆ ಮಾನಾಕ್ಸೈಡೆಂದೂ ಅರ್ಥ. ಅಲ್ಲಿಗೆ ಹೋಗುವ ಹಿರಿಯರು ಇದನ್ನು ತಿಳಿದಿರಬೇಕು.

ಕೂಗಿದಾಗ ಮಾಡಬೇಕಾದುದು

ಅಲಾರಂ ಕೂಗಿ ಹೊಗೆ ಕಂಡರೆ ಒಡವೆ, ಪತ್ರಗಳಿಗಾಗಿ ನಿಲ್ಲಬಾರದು. ಶುದ್ಧ ಗಾಳಿ ನೆಲದ ಹತ್ತಿರ ಇರುವುದರಿಂದ ಬಗ್ಗಿಯೋ ತೆವಳಿಯೋ ಹೊರಬರಬೇಕು. ಬರುವಾಗ ಕೋಣೆಯ ಬಾಗಿಲನ್ನು ಎಳೆದುಕೊಳ್ಳಬೇಕು. ಅಗ್ನಿಶಾಮಕ ದಳಕ್ಕೆ 101 ಅಥವಾ 112, ಆಂಬುಲೆನ್ಸಿಗೆ 108. ತಾಲ್ಲೂಕು ಕೇಂದ್ರದಿಂದ ದೂರವಿರುವ ಹಳ್ಳಿಗೆ ವಾಹನ ಬರಲು ಹೊತ್ತಾಗುತ್ತದೆ. ಆದುದರಿಂದಲೇ ಬೇಗ ಎಚ್ಚರವಾಗುವುದಕ್ಕೆ ನಮ್ಮಲ್ಲಿ ಹೆಚ್ಚಿನ ಬೆಲೆ.

ಹೊಗೆ ಕುಡಿದವರನ್ನು ಬಯಲಿಗೆ ತಂದು ಉಡುಪು ಸಡಿಲಿಸಬೇಕು. ಪ್ರಜ್ಞೆ ತಪ್ಪಿದ್ದು ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಬೇಕು; ಬಾಯಿಗೆ ನೀರನ್ನೂ ಹಾಕಬಾರದು. ಸುಶ್ರುತರು ಧೂಮೋಪಹತನಿಗೆ ತುಪ್ಪ, ಕಬ್ಬಿನ ಹಾಲು, ದ್ರಾಕ್ಷಿರಸ, ಹಾಲುಗಳಿಂದ ವಮನ ಮಾಡಿಸಲು ಹೇಳಿರುವುದನ್ನು ಓದಿದವರಿದ್ದಾರೆ. ಮನೆಯಲ್ಲಿ ಅದನ್ನು ಮಾಡಕೂಡದು. ಪ್ರಜ್ಞೆ ಮಂದವಾದವನಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಾಪಾಯವಾಗುತ್ತದೆ. ಅವನಿಗೆ ಮೊದಲು ಬೇಕಾದುದು ಆಮ್ಲಜನಕ, ಅದು ಆಸ್ಪತ್ರೆಯಲ್ಲಿದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿತೆಂದು ಮನೆಯಲ್ಲಿ ಉಳಿಯಬಾರದು. ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸುತ್ತದೆ. ತಲೆನೋವು, ವಾಕರಿಕೆ, ಮಂಕು, ದನಿ ಒಡೆಯುವುದು, ಮೂಗಿನಲ್ಲಿ ಮಸಿ ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಿಯಮಕ್ಕೊಂದು ದಿನ

ಅರಿವು ಆಚರಣೆಗೆ ಬರಬೇಕೆಂಬುದು ಶರಣರ ಬೋಧೆ. ಮೇಲೆ ಹೇಳಿದುದನ್ನೆಲ್ಲ ಓದಿ ಒಪ್ಪಿದರೂ ದಿನ ಗೊತ್ತುಮಾಡದಿದ್ದರೆ ಕೆಲಸ ಮರೆತುಹೋಗುತ್ತದೆ. ಅಮಾವಾಸ್ಯೆಯಂದು ಶ್ರೀಮಠಕ್ಕೆ ಬರುವ ಸದ್ಭಕ್ತರು ಮನೆಯಿಂದ ಹೊರಡುವ ಮುನ್ನ ಅಲಾರಮಿನ ಗುಂಡಿಯನ್ನೊಮ್ಮೆ ಒತ್ತಿ ನೋಡಲಿ. ಶೆಲ್ಲು ಬದಲಿಸಲು ಆಯುಧಪೂಜೆಗಿಂತ ತಕ್ಕ ದಿನವಿಲ್ಲ. 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ನವರಾತ್ರಿಯ ಉತ್ಸವವನ್ನು ಆರಂಭಿಸಿದಂದಿನಿಂದ ಈ ನಾಡಿನವರು ಆ ಹಬ್ಬವನ್ನು ಮರೆತವರಲ್ಲ. ಅಂದು ನೇಗಿಲು, ಟ್ರ್ಯಾಕ್ಟರು, ಮೋಟರು, ಸ್ಕೂಟರುಗಳನ್ನೆಲ್ಲ ತೊಳೆದು ವಿಭೂತಿ ಹಚ್ಚುತ್ತೇವೆ. ಸೂರಿನ ಮೇಲಿರುವ ಆ ಕಾವಲುಗಾರನಿಗೂ ಅಂದು ಹೊಸ ಶೆಲ್ಲು ಹಾಕೋಣ. ಪರದೇಶದಲ್ಲಿರುವ ಮಕ್ಕಳಿಗೆ ಹಬ್ಬದ ಫೋನು ಮಾಡುವಾಗ ‘ಊಟವಾಯಿತೇ’ ಎಂದು ಕೇಳಿದ ಮೇಲೆ ‘ಶೆಲ್ಲು ಹಾಕಿದೆಯಾ’ ಎಂದೂ ಕೇಳೋಣ.